ಬೆಸುಗೆ ಕಲಿಯುವವನ ಮೊದಲ ಗಾಡಿ

ಪಯಸ್ವಿನಿ ನದಿಯು ಕೊಡಗಿನ ಬೆಟ್ಟಗಳಿಂದಿಳಿದು, ಸಂಪಾಜೆ ಅರಂತೋಡುಗಳ ಮಗ್ಗುಲಲ್ಲಿ ಹರಿದು, ಸುಳ್ಯವನ್ನು ದಾಟಿ, ಕಾಸರಗೋಡಿನ ನೆಲದಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ಮಳೆಗಾಲದಲ್ಲಿ ಈ ನದಿಗೆ ಬಂದು ಕೂಡುವ ತೋಡುಗಳನ್ನು ದಾಟಲು ಅಡಿಕೆಮರಗಳನ್ನು ಅಡ್ಡ ಹಾಕಿದ ಕಾಲುಸಂಕವೇ ಇಲ್ಲಿನ ಜನರಿಗೆ ಬಹುಕಾಲ ಗತಿಯಾಗಿತ್ತು. ೧೯೮೯ರಲ್ಲಿ ಸುಳ್ಯದ ಸಮೀಪದ ಅರಂಬೂರಿನಲ್ಲಿ ಈ ನದಿಯ ಮೇಲೆ ನಡೆದಾಡುವವರಿಗಾಗಿ ಒಂದು ತೂಗುಸೇತುವೆ ಎದ್ದಿತು. ಅದನ್ನು ಕಟ್ಟಿದವರು ಸುಳ್ಯದವರೇ ಆದ ಮೆಕ್ಯಾನಿಕಲ್ ಇಂಜಿನಿಯರು ಗಿರೀಶ ಭಾರದ್ವಾಜರು. ಅಲ್ಲಿಂದ ಮುಂದೆ ಅವರು ಕರ್ನಾಟಕದಲ್ಲಿಯೂ ನೆರೆಯ ರಾಜ್ಯಗಳಲ್ಲಿಯೂ ಇಂತಹ ಸೇತುವೆಗಳನ್ನು ನೂರಕ್ಕೂ ಮಿಕ್ಕಿ ಕಟ್ಟಿದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇಂತಹ ಸೇತುವೆಯ ಮೇಲೆ ನಡೆದ ತರುಣನಿಗೆ, ತಾನೂ ಕಬ್ಬಿಣವನ್ನು ಕೂಡಿಸಿ ಏನಾದರೊಂದನ್ನು ಕಟ್ಟಬೇಕೆಂಬ ಹಂಬಲ ಹುಟ್ಟುವುದು ಸಹಜ. ಈಗ ಪೇಟೆಯಲ್ಲಿ ಸಣ್ಣ ವೆಲ್ಡಿಂಗ್ ಸೆಟ್ಟುಗಳು ಸುಲಭವಾಗಿ ದೊರೆಯುತ್ತವೆ. ತೋಟದ ಮನೆಗಳಿಗೂ ಅವು ಬಂದಿವೆ. ಆದರೆ ಯಂತ್ರ ಕೈಗೆ ಬಂದೊಡನೆ ಕೈಗೆ ವಿದ್ಯೆ ಬಂದಂತಾಗುವುದಿಲ್ಲ. ಹಾಗಾದರೆ ಬೆಸುಗೆ ಕಲಿಯುವವನು ಮೊಟ್ಟಮೊದಲು ಏನನ್ನು ಮಾಡಬೇಕು? ಕುರ್ಚಿಯೇ? ಏಣಿಯೇ? ತೋಡಿಗೊಂದು ಕಬ್ಬಿಣದ ಸಂಕವೇ? ಇವು ಯಾವುವೂ ಅಲ್ಲ, ಆ ವೆಲ್ಡಿಂಗ್ ಸೆಟ್ಟನ್ನೇ ಹೊತ್ತು ತಿರುಗುವ ಒಂದು ತಳ್ಳುಗಾಡಿ ಎಂಬುದು ನಮ್ಮ ಉತ್ತರ. ಈ ಉತ್ತರಕ್ಕೆ ಕಾರಣವೇನೆಂಬುದನ್ನೂ, ಈ ಸಣ್ಣ ಗಾಡಿಯಲ್ಲಿ ಎಷ್ಟು ಭೌತಶಾಸ್ತ್ರ ಅಡಗಿದೆಯೆಂಬುದನ್ನೂ ಈಗ ನೋಡೋಣ.

ತಪ್ಪನ್ನು ಕ್ಷಮಿಸುವ ಕೆಲಸ

೧೯೬೨ರ ಜುಲೈ ೧೦ರಂದು ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದಲ್ಲಿ ಕಿಂಗ್ಸ್ ಸೇತುವೆಯ ಒಂದು ಭಾಗ ಭಾರವಾದ ಲಾರಿಯೊಂದು ಹಾಯುತ್ತಿದ್ದಾಗ ಕುಸಿಯಿತು. ಸೇತುವೆ ತೆರೆದು ಒಂದು ವರ್ಷವಷ್ಟೇ ಕಳೆದಿತ್ತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ಪರೀಕ್ಷಿಸಿ ನೋಡಲಾಗಿ, ಉಕ್ಕಿನ ತೊಲೆಗಳಲ್ಲಿ ಬೆಸುಗೆಯ ಅಂಚಿನಲ್ಲಿಯೇ ಹುಟ್ಟಿದ್ದ ಸಣ್ಣ ಬಿರುಕುಗಳು ಚಳಿಯ ಆ ಮುಂಜಾನೆ ಒಮ್ಮೆಲೇ ಹಬ್ಬಿದ್ದವೆಂದು ತಿಳಿದುಬಂತು. ಅನುಭವವುಳ್ಳ ಕೆಲಸಗಾರರೂ ತಪಾಸಣೆಯ ಏರ್ಪಾಟೂ ಇದ್ದೆಡೆಯಲ್ಲಿಯೇ ಹೀಗಾಯಿತು. ಬೆಸುಗೆಯ ದೋಷ ಹೊರಗಣ್ಣಿಗೆ ಕಾಣದಂತೆ ಒಳಗೆ ಅಡಗಿ ಕುಳಿತಿರಬಲ್ಲುದು ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಆದುದರಿಂದ ಕಲಿಯುವವನ ಮೊದಲ ಬೆಸುಗೆ ಮುರಿದರೂ ಯಾರಿಗೂ ಕೇಡಾಗದಂತಹ ಸ್ಥಳದಲ್ಲಿರಬೇಕು. ಮನುಷ್ಯ ಕುಳಿತುಕೊಳ್ಳುವ, ಹತ್ತುವ, ಕೆಳಗೆ ನಿಲ್ಲುವ, ಮೇಲೆ ನಡೆಯುವ ವಸ್ತುಗಳು ಅವನಿಗೆ ಸದ್ಯಕ್ಕೆ ನಿಷಿದ್ಧ. ಗಾಡಿಯೋ ನೆಲದಿಂದ ಒಂದು ಗೇಣು ಎತ್ತರದಲ್ಲಿ ಭಾರವನ್ನು ಹೊತ್ತಿರುತ್ತದೆ. ಒಂದು ಮೂಲೆ ಬಿಟ್ಟರೆ ಉಳಿದ ಮೂರು ಮೂಲೆಗಳು ಹಿಡಿದಿರುತ್ತವೆ. ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದುಂಟು. ಮಾಡಿ ಮಾರಿದ ಗೇಟು ನಮ್ಮ ಕಣ್ಣಿನಿಂದ ಮರೆಯಾಗುತ್ತದೆ. ಗಾಡಿಯಾದರೋ ಪ್ರತಿದಿನ ನಮ್ಮ ಎದುರಿಗೇ ನಿಂತಿರುತ್ತದೆ. ಯಾವ ಬೆಸುಗೆ ಬಾಳಿತು, ಯಾವುದು ಬಿರಿಯಿತು ಎಂಬುದನ್ನು ಅದು ವರ್ಷಗಟ್ಟಲೆ ನಮಗೆ ಒಪ್ಪಿಸುತ್ತಿರುತ್ತದೆ.

ನಮ್ಮ ಮೊದಲ ಗಾಡಿಯ ಕಥೆಯನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಬಗ್ಗಿ ಕೆಲಸ ಮಾಡುವ ಶ್ರಮ ತಪ್ಪಲೆಂದು ನಾವು ಭಾರವಾದ ಹಳೆಯ ಸೆಟ್ಟನ್ನು ಮೇಲಿನ ಹಲಗೆಯ ಮೇಲಿಟ್ಟೆವು. ಅಗ್ಗವೆಂದು ಕುರ್ಚಿಗೆ ಹಾಕುವಂತಹ ಪುಟ್ಟ ಚಕ್ರಗಳನ್ನು ಜೋಡಿಸಿದೆವು. ಸಂಪಾಜೆಯ ಒಂದು ಮನೆಯ ಅಂಗಳದಲ್ಲಿ ಮುರಕಲ್ಲಿನ ಚೂರೊಂದು ಚಕ್ರಕ್ಕೆ ಅಡ್ಡ ಬಂತು. ಗಾಡಿ ನಿಂತಿತು, ಮೇಲಿನ ಭಾರ ನಿಲ್ಲಲಿಲ್ಲ. ಹಿಡಿಯನ್ನು ಹಿಡಿದೆಳೆದರೆ ಹಿಡಿಯೇ ಕಿತ್ತು ಕೈಗೆ ಬಂತು. ಸೆಟ್ಟು ಬಿದ್ದದ್ದು ನಮ್ಮ ಪಾದದಿಂದ ಎರಡು ಬೆರಳಿನಷ್ಟು ದೂರದಲ್ಲಿ. ಒಂದೇ ಗಳಿಗೆಯಲ್ಲಿ ನಾವು ಮೂರು ತಪ್ಪುಗಳನ್ನು ಕಂಡೆವು: ಭಾರವಿದ್ದ ಸ್ಥಳ ತಪ್ಪು, ಚಕ್ರದ ಅಳತೆ ತಪ್ಪು, ಬೆಸುಗೆ ತಪ್ಪು. ಇವನ್ನು ಒಂದೊಂದಾಗಿ ವಿಚಾರಿಸೋಣ.

ಗುರುತ್ವಕೇಂದ್ರ ಎಲ್ಲಿದೆ?

ಯಾವ ವಸ್ತುವಾದರೂ, ಅದರ ಗುರುತ್ವಕೇಂದ್ರದಿಂದ ನೇರವಾಗಿ ಕೆಳಗೆ ಬಿಟ್ಟ ರೇಖೆಯು ಅದರ ಬುಡದೊಳಗೆ ಬೀಳುವವರೆಗೆ ನಿಲ್ಲುತ್ತದೆ. ಬುಡದಿಂದ ಹೊರಕ್ಕೆ ಹೋದೊಡನೆ ಉರುಳುತ್ತದೆ. ಗಾಡಿಯ ಬುಡವೆಂದರೆ ಚಕ್ರಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಕೂಡಿಸಿದ ಆಕೃತಿ. ಬುಡದ ಅರ್ಧ ಅಗಲವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ, ಗಾಡಿ ಪಕ್ಕಕ್ಕೆ ಎಷ್ಟು ವಾಲಿದಾಗ ಉರುಳುವುದೋ ಆ ಕೋನದ ಟ್ಯಾಂಜೆಂಟ್ ದೊರೆಯುತ್ತದೆ.

ಒಂದು ಲೆಕ್ಕವನ್ನು ಮಾಡೋಣ. ನಮ್ಮ ಗಾಡಿಯ ತೂಕ ೩೦ ಕಿಲೋಗ್ರಾಂ, ಅದರ ಗುರುತ್ವಕೇಂದ್ರ ನೆಲದಿಂದ ೩೫೦ ಮಿಲಿಮೀಟರ್ ಎತ್ತರದಲ್ಲಿದೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಸೆಟ್ಟಿನ ತೂಕ ೭೦ ಕಿಲೋಗ್ರಾಂ. ಎಡಬಲ ಚಕ್ರಗಳ ನಡುವೆ ೫೦೦ ಮಿಲಿಮೀಟರ್ ಅಂತರವಿದೆ ಎಂದು ಭಾವಿಸೋಣ. ಸೆಟ್ಟನ್ನು ಕೆಳಗಿನ ತಟ್ಟೆಯಲ್ಲಿಟ್ಟರೆ ಅದರ ಕೇಂದ್ರವೂ ಸುಮಾರು ೩೫೦ ಮಿಲಿಮೀಟರಿನಲ್ಲಿಯೇ ಇರುತ್ತದೆ. ೨೫೦ನ್ನು ೩೫೦ರಿಂದ ಭಾಗಿಸಿದರೆ ೦.೭೧, ಇದು ಸುಮಾರು ೩೫ ಡಿಗ್ರಿಯ ಟ್ಯಾಂಜೆಂಟ್. ಅದೇ ಸೆಟ್ಟನ್ನು ಮೇಲಿನ ಹಲಗೆಗೆ ಏರಿಸಿದರೆ ಅದರ ಕೇಂದ್ರ ೧,೦೦೦ ಮಿಲಿಮೀಟರಿಗೆ ಹೋಗುತ್ತದೆ. ಆಗ ಇಡೀ ಗಾಡಿಯ ಗುರುತ್ವಕೇಂದ್ರವನ್ನು ಹೀಗೆ ಕಂಡುಹಿಡಿಯಬೇಕು: ೩೦ನ್ನು ೩೫೦ರಿಂದಲೂ ೭೦ನ್ನು ೧,೦೦೦ದಿಂದಲೂ ಗುಣಿಸಿ, ಕೂಡಿಸಿ, ಒಟ್ಟು ತೂಕವಾದ ೧೦೦ರಿಂದ ಭಾಗಿಸಿದರೆ ೮೦೫ ಮಿಲಿಮೀಟರ್ ಬರುತ್ತದೆ. ೨೫೦ನ್ನು ೮೦೫ರಿಂದ ಭಾಗಿಸಿದರೆ ೦.೩೧, ಕೋನ ಸುಮಾರು ೧೭ ಡಿಗ್ರಿ ಮಾತ್ರ! ಒಂದು ಕಿಲೋಗ್ರಾಂ ಭಾರವನ್ನೂ ಹೆಚ್ಚಿಸದೆ, ಇದ್ದುದನ್ನೇ ಮೇಲಕ್ಕೆ ಏರಿಸಿದುದರಿಂದ ಗಾಡಿಯ ಭದ್ರತೆ ಅರ್ಧಕ್ಕಿಳಿಯಿತು. ಇಳಿಜಾರಿನ ಅಂಗಳದಲ್ಲಿ ಓಡುತ್ತ ಬಂದು ಕಲ್ಲಿಗೆ ಎಡವಿದ ಗಾಡಿಗೆ ೧೭ ಡಿಗ್ರಿ ಏನೇನೂ ಸಾಲದು.

ಕೆಲವರು ಮುಂದೆ ಅನಿಲದ ಆಸರೆಯಲ್ಲಿ ಬೆಸೆಯುವ ಯಂತ್ರವನ್ನು ಕೊಂಡು, ಆಳೆತ್ತರಕ್ಕೆ ಸಮೀಪವಾದ ಸಿಲಿಂಡರನ್ನು ಗಾಡಿಗೆ ಏರಿಸುತ್ತಾರೆ. ೮೦ ಕಿಲೋಗ್ರಾಂ ತೂಗುವ ಸಿಲಿಂಡರಿನ ಕೇಂದ್ರ ೮೫೦ ಮಿಲಿಮೀಟರಿನಲ್ಲಿದ್ದರೆ, ಸೆಟ್ಟು ಕೆಳಗಿದ್ದರೂ ಒಟ್ಟು ಗುರುತ್ವಕೇಂದ್ರ ೫೭೨ ಮಿಲಿಮೀಟರಿಗೆ ಏರುತ್ತದೆ. ಕೋನ ೨೪ ಡಿಗ್ರಿಗಿಂತ ಕಡಮೆಯಾಗುತ್ತದೆ. ಚಕ್ರಗಳ ಅಂತರವನ್ನು ೬೦೦ ಮಿಲಿಮೀಟರಿಗೆ ಹೆಚ್ಚಿಸಿದರೆ ಅದು ೨೮ ಡಿಗ್ರಿಯಷ್ಟಾಗುತ್ತದೆ. ಈ ನಾಲ್ಕು ಡಿಗ್ರಿಗಳನ್ನು ಅಲ್ಪವೆಂದು ಎಣಿಸಬಾರದು. ಆರ್ಗಾನ್ ತುಂಬಿದ ಸಿಲಿಂಡರಿನೊಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸುಮಾರು ೧೫೦ ಪಟ್ಟು ಹೆಚ್ಚು. ಅದು ಬಿದ್ದು ಕೊರಳಿನ ಕವಾಟ ಮುರಿದರೆ, ನುಗ್ಗುವ ಅನಿಲ ಆ ಉಕ್ಕಿನ ಬುರುಡೆಯನ್ನು ಬಾಣದಂತೆ ಚಿಮ್ಮಿಸುತ್ತದೆ. ಆದುದರಿಂದ ಕಲಿಯುವವನ ಮೊದಲ ಗಾಡಿ ಸಿಲಿಂಡರನ್ನು ಹೊರತಕ್ಕದ್ದಲ್ಲ. ಬೆಸುಗೆಯಲ್ಲಿ ಕೈ ಪಳಗಿದ ಮೇಲೆ, ಅಗಲವಾದ ಬುಡವನ್ನು ಕಟ್ಟಿ, ಮೇಲೊಂದು ಕೆಳಗೊಂದು ಸರಪಣಿಯನ್ನು ಬಿಗಿದು ಅದನ್ನು ಏರಿಸಬಹುದು.

ಚಕ್ರ ದೊಡ್ಡದಿರಬೇಕೇಕೆ?

ಎತ್ತಿನಗಾಡಿಯ ಚಕ್ರ ಎದೆಮಟ್ಟ ಏಕಿರುತ್ತಿತ್ತೆಂದು ನೀವು ಎಂದಾದರೂ ಯೋಚಿಸಿದ್ದುಂಟೇ? ಚಕ್ರವೊಂದು ಕಲ್ಲನ್ನು ಏರುವಾಗ ಅದು ಆ ಕಲ್ಲಿನ ಅಂಚನ್ನೇ ಆಧಾರಬಿಂದುವಾಗಿ ಮಾಡಿಕೊಂಡು ತಿರುಗುವ ಸನ್ನೆಕೋಲಿನಂತೆ ವರ್ತಿಸುತ್ತದೆ. ೨೦ ಮಿಲಿಮೀಟರ್ ಎತ್ತರದ ಕಲ್ಲು ಎದುರಾಗಿದೆ, ಪ್ರತಿಯೊಂದು ಚಕ್ರದ ಮೇಲೂ ೨೫ ಕಿಲೋಗ್ರಾಂ ಭಾರವಿದೆ ಎಂದುಕೊಳ್ಳಿ. ಚಕ್ರದ ತ್ರಿಜ್ಯ ೨೫ ಮಿಲಿಮೀಟರ್ ಇದ್ದರೆ, ಅದನ್ನು ಅಡ್ಡಡ್ಡವಾಗಿ ಎಳೆದು ಕಲ್ಲಿನ ಮೇಲೆ ಹತ್ತಿಸಲು ಭಾರದ ೪.೯ ಪಟ್ಟು, ಎಂದರೆ ೧೨೨ ಕಿಲೋಗ್ರಾಂ ಬಲ ಬೇಕು. ಮನುಷ್ಯನ ಕೈಯಲ್ಲಿ ಅದು ಆಗುವ ಮಾತಲ್ಲ, ಗಾಡಿ ಮುಗ್ಗರಿಸುತ್ತದೆ. ತ್ರಿಜ್ಯ ೧೦೦ ಮಿಲಿಮೀಟರ್ ಇದ್ದರೆ ಬೇಕಾದ ಬಲ ಭಾರದ ಮುಕ್ಕಾಲು ಪಾಲು, ಎಂದರೆ ೧೯ ಕಿಲೋಗ್ರಾಂ ಮಾತ್ರ. ರೇಖಾಗಣಿತವನ್ನು ಓದಿದವರು ಪೈಥಾಗೊರಸನ ಪ್ರಮೇಯದಿಂದ ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ನಗರದ ನುಣುಪು ನೆಲಕ್ಕೆ ಸಣ್ಣ ಚಕ್ರವೇ ಸಾಕಾದೀತು. ಮುರಕಲ್ಲಿನ ಚೂರೂ ಅಡಿಕೆಯ ಸಿಪ್ಪೆಯೂ ಬಿದ್ದಿರುವ ನಮ್ಮ ಅಂಗಳಗಳಿಗೆ ಹಿಂದೆ ೨೦೦ ಮಿಲಿಮೀಟರ್ ವ್ಯಾಸದ ಎರಡು ಚಕ್ರಗಳು ಬೇಕು; ಮುಂದೆ ಸುತ್ತಲೂ ತಿರುಗುವ ಚಕ್ರಗಳೆರಡು, ದೊರೆತಷ್ಟು ದೊಡ್ಡವು, ಇರಲಿ. ಗುಜರಿ ಅಂಗಡಿಯಲ್ಲಿ ಹಳೆಯ ತಳ್ಳುಗಾಡಿಗಳ ಚಕ್ರಗಳು ಅಗ್ಗವಾಗಿ ಸಿಗುತ್ತವೆ.

ಚೌಕಟ್ಟನ್ನು ಕೂಡಿಸುವುದು

ಚೌಕಟ್ಟಿಗೆ ೪೦ ಮಿಲಿಮೀಟರ್ ಅಗಲದ, ೫ ಮಿಲಿಮೀಟರ್ ದಪ್ಪದ ಕಬ್ಬಿಣದ ಆ್ಯಂಗಲ್ ಯೋಗ್ಯವಾದುದು. ತೆಳುವಾದ ಕೊಳವೆ ಹಗುರ, ನಿಜ. ಆದರೆ ಕಲಿಯುವವನ ಕೈಯಲ್ಲಿ ಅದು ಕರಗಿ ತೂತಾಗುತ್ತದೆ. ೫ ಮಿಲಿಮೀಟರಿನ ದಪ್ಪ ಕೈಯ ನಡುಕವನ್ನು ಸಹಿಸುತ್ತದೆ. ಕೆಳಗಿನ ಚೌಕಕ್ಕೆ ೭೫೦ ಮಿಲಿಮೀಟರಿನ ಎರಡು ಮತ್ತು ೪೫೦ ಮಿಲಿಮೀಟರಿನ ಎರಡು ತುಂಡುಗಳು. ನಿಲುವುಗಳಿಗೆ ೬೫೦ ಮಿಲಿಮೀಟರಿನ ನಾಲ್ಕು. ಮೇಲಿನ ಚೌಕಕ್ಕೆ ೫೦೦ ಮಿಲಿಮೀಟರಿನ ಎರಡು ಮತ್ತು ೪೫೦ ಮಿಲಿಮೀಟರಿನ ಎರಡು. ಒಟ್ಟು ೬.೯ ಮೀಟರ್. ಈ ಆ್ಯಂಗಲ್ ಮೀಟರಿಗೆ ೩ ಕಿಲೋಗ್ರಾಂ ತೂಗುವುದರಿಂದ ಚೌಕಟ್ಟಿನ ತೂಕ ಸುಮಾರು ೨೧ ಕಿಲೋಗ್ರಾಂ ಆಗುತ್ತದೆ. ತಟ್ಟೆಯ ತಗಡೂ ಚಕ್ರಗಳೂ ಸೇರಿದರೆ ನಾವು ಮೇಲೆ ಲೆಕ್ಕಕ್ಕೆ ಹಿಡಿದ ೩೦ ಕಿಲೋಗ್ರಾಂ ಸರಿಹೋಗುತ್ತದೆ.

ತುಂಡುಗಳನ್ನು ಗರಗಸದಿಂದ ಕೊಯ್ದು, ತುದಿಗಳ ತುಕ್ಕು, ಬಣ್ಣ, ಎಣ್ಣೆಗಳನ್ನು ಅರದಿಂದಲೂ ತಂತಿಯ ಬ್ರಷ್ಷಿನಿಂದಲೂ ಹೊಳೆಯುವಂತೆ ಉಜ್ಜಬೇಕು. ಬಳಿಕ ಸಮನಾದ ನೆಲದ ಮೇಲೆ ಚೌಕವನ್ನು ಹೊಂದಿಸಿ, ಪ್ರತಿ ಮೂಲೆಯಲ್ಲಿಯೂ ಅವರೆಕಾಳಿನಷ್ಟು ಬೆಸುಗೆಯ ಚುಕ್ಕೆಯನ್ನು ಮಾತ್ರ ಇಡಬೇಕು. ಕೆಲಸಗಾರರು ಇದನ್ನು ಟ್ಯಾಕ್ ಹಾಕುವುದು ಎನ್ನುತ್ತಾರೆ. ಈಗ ಎದುರುಬದುರು ಮೂಲೆಗಳ ನಡುವಣ ಎರಡು ಕರ್ಣಗಳನ್ನೂ ಅಳೆಯಿರಿ. ೭೫೦ ಮತ್ತು ೪೫೦ರ ಆಯತಕ್ಕೆ ಕರ್ಣ ೮೭೫ ಮಿಲಿಮೀಟರ್ ಇರತಕ್ಕದ್ದು. ಒಂದು ಹೆಚ್ಚು, ಒಂದು ಕಡಮೆಯಾದರೆ ಚೌಕ ಓರೆಯಾಗಿದೆ ಎಂದರ್ಥ. ಉದ್ದವಾದ ಕರ್ಣದ ಮೂಲೆಯನ್ನು ಮೆಲ್ಲನೆ ಬಡಿದರೆ ಚುಕ್ಕೆಗಳು ಬಾಗಿ ಚೌಕ ಸರಿಹೋಗುತ್ತದೆ. ಪೂರ್ತಿ ಬೆಸೆದ ಮೇಲೆ ಈ ಸೌಕರ್ಯವಿಲ್ಲ.

ಇಷ್ಟೆಲ್ಲ ಎಚ್ಚರಿಕೆ ಏಕೆ? ಕಬ್ಬಿಣವು ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಸರಳು ೧೦೦ ಸೆಲ್ಸಿಯಸ್ ಡಿಗ್ರಿ ಕಾದರೆ ಸುಮಾರು ೧.೨ ಮಿಲಿಮೀಟರ್ ಬೆಳೆಯುತ್ತದೆ. ಬೆಸುಗೆಯ ಜಾಗದಲ್ಲಿಯೋ ಉಕ್ಕು ಸುಮಾರು ೧,೫೦೦ ಡಿಗ್ರಿಯಲ್ಲಿ ಕರಗಿರುತ್ತದೆ. ಸುತ್ತಲಿನ ಲೋಹ ತಣ್ಣಗಿರುತ್ತದೆ. ಕರಗಿದ ಭಾಗ ಆರಿ ಕುಗ್ಗುವಾಗ ತನ್ನೆರಡು ಪಕ್ಕಗಳನ್ನೂ ತನ್ನೆಡೆಗೆ ಎಳೆದುಕೊಳ್ಳುತ್ತದೆ. ಒಂದು ಮೂಲೆಯನ್ನು ಪೂರ್ತಿ ಬೆಸೆದು ಅನಂತರ ಇನ್ನೊಂದಕ್ಕೆ ಹೋದರೆ ಚೌಕ ಸೊಟ್ಟಗಾಗುವುದು ಖಂಡಿತ. ಆದುದರಿಂದ ಒಂದು ಮೂಲೆಯಲ್ಲಿ ಸ್ವಲ್ಪ, ಅದರ ಎದುರು ಮೂಲೆಯಲ್ಲಿ ಸ್ವಲ್ಪ, ಹೀಗೆ ಸೆಳೆತಕ್ಕೆ ಸೆಳೆತವನ್ನು ಎದುರಿಟ್ಟು ಬೆಸೆಯಬೇಕು.

ವಿದ್ಯುಚ್ಚಾಪದ ಗುಟ್ಟು

ಹಿಂದೆ ನಮ್ಮ ಕಮ್ಮಾರರು ಎರಡು ಕಬ್ಬಿಣದ ತುಂಡುಗಳನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು ಒಂದು ಮಾಡುತ್ತಿದ್ದರು. ೧೮೮೦ರ ದಶಕದಲ್ಲಿ ರಷ್ಯದ ಬೆನಾರ್ಡೋಸ್ ಎಂಬಾತನು ಇಂಗಾಲದ ಕಡ್ಡಿಯಿಂದ ವಿದ್ಯುತ್ತಿನ ಕಿಡಿಚಾಪವನ್ನು ಎಬ್ಬಿಸಿ ಲೋಹವನ್ನು ಕರಗಿಸಿ ಬೆಸೆದನು. ಇಂಗಾಲದ ಬದಲು ಲೋಹದ ಕಡ್ಡಿಯನ್ನೇ ಕರಗಿಸಿ ತುಂಬುವ ಉಪಾಯ ಸ್ಲಾವ್ಯಾನೋವನದು. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ಆ ಕಡ್ಡಿಗೆ ಲೇಪವನ್ನು ಕೊಟ್ಟನು. ಇಂದು ನಾವು ರಾಡ್ ಎಂದು ಕರೆಯುವುದು ಇಂತಹ ಲೇಪವುಳ್ಳ ಕಡ್ಡಿಯನ್ನೇ. ಲೇಪ ಉರಿದು ಅನಿಲವಾಗಿ ಗಾಳಿಯನ್ನು ದೂರವಿಡುತ್ತದೆ. ಕರಗಿ ಕಿಟ್ಟವಾಗಿ ಬೆಸುಗೆಯ ಮೇಲೆ ಹೊದಿಕೆಯಂತೆ ನಿಲ್ಲುತ್ತದೆ. ಇದಿಲ್ಲದಿದ್ದರೆ ಗಾಳಿಯ ಆಮ್ಲಜನಕವೂ ಸಾರಜನಕವೂ ಕರಗಿದ ಉಕ್ಕನ್ನು ಸೇರಿ ಅದನ್ನು ಬಿರುಸಾಗಿ ಮಾಡುತ್ತಿದ್ದವು.

ಕಲಿಯುವವನಿಗೆ ರೂಟೈಲ್ ಲೇಪದ ಸಾಮಾನ್ಯ ರಾಡುಗಳೇ ಸಾಕು. ೩.೧೫ ಮಿಲಿಮೀಟರಿನ ರಾಡಿಗೆ ಸುಮಾರು ೧೦೦ ಆಂಪಿಯರ್ ಪ್ರವಾಹ ಬೇಕು. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಅಂತರವಿರಲಿ. ಸರಿಯಾದ ಅಂತರದಲ್ಲಿ ಕಾದ ಎಣ್ಣೆಯಲ್ಲಿ ಹಪ್ಪಳ ಕರಿಯುವಂತಹ ಒಂದೇ ಸಮನಾದ ಸದ್ದು ಕೇಳುತ್ತದೆ. ಅಂತರ ಹೆಚ್ಚಿದರೆ ಸದ್ದು ಮುರಿಯುತ್ತದೆ, ಲೋಹದ ಹನಿಗಳು ಚೆಲ್ಲಾಡುತ್ತವೆ. ತೀರ ಕಡಮೆಯಾದರೆ ರಾಡು ಅಂಟಿಕೊಳ್ಳುತ್ತದೆ. ಕೇಳಿ ಕಲಿಯಬೇಕಾದ ವಿದ್ಯೆಗಳಲ್ಲಿ ಇದೂ ಒಂದು.

ಬೆಸುಗೆಯ ಪರೀಕ್ಷೆ

ಗಾಡಿಗೆ ಕೈಹಾಕುವ ಮುನ್ನ ಪ್ರತಿಯೊಬ್ಬನೂ ಮಾಡಲೇಬೇಕಾದ ಪ್ರಯೋಗವೊಂದಿದೆ. ಎರಡು ಪಟ್ಟಿಗಳನ್ನು, ಮಲಗಿಸಿದ ಒಂದರ ನಡುವೆ ಇನ್ನೊಂದು ಗೋಡೆಯಂತೆ ನಿಲ್ಲುವ ಹಾಗೆ ಇಟ್ಟು, ಒಂದೇ ಪಕ್ಕದಲ್ಲಿ ಬೆಸೆಯಿರಿ. ಆರಿದ ಮೇಲೆ ಮೂಲೆಮಟ್ಟವನ್ನು ಇಟ್ಟು ನೋಡಿದರೆ, ನಿಂತ ಪಟ್ಟಿ ಬೆಸುಗೆಯ ಕಡೆಗೆ ವಾಲಿರುವುದು ಕಾಣುತ್ತದೆ. ಸಂಕೋಚನದ ಸೆಳೆತ ಇದೇ. ಈಗ ಕಣ್ಣಿಗೆ ಕನ್ನಡಕವನ್ನು ಹಾಕಿಕೊಂಡು, ನಿಂತ ಪಟ್ಟಿಯನ್ನು ಬೆಸುಗೆಯ ಕಡೆಗೇ ಸುತ್ತಿಗೆಯಿಂದ ಬಡಿದು ಮಲಗಿಸಿ ಬೆಸುಗೆಯನ್ನು ಮುರಿಯಿರಿ. ಮುರಿದ ಮೈ ಎಲ್ಲವನ್ನೂ ಹೇಳಿಬಿಡುತ್ತದೆ. ಒಳಗೆ ಕಪ್ಪು ಗೆರೆಯಿದ್ದರೆ ಕಿಟ್ಟ ಸಿಕ್ಕಿಕೊಂಡಿದೆ. ಸಣ್ಣ ತೂತುಗಳಿದ್ದರೆ ತೇವ ಅಥವಾ ಕೊಳೆಯಿಂದ ಅನಿಲ ಸೇರಿದೆ. ಮೂಲೆಯ ಆಳದಲ್ಲಿ ಪಟ್ಟಿಯ ಅಂಚು ಕರಗದೆ ಹಾಗೆಯೇ ಉಳಿದಿದ್ದರೆ ಬೆಸುಗೆ ಮೇಲೆ ಅಂಟಿದೆಯೇ ಹೊರತು ಒಳಗೆ ಕೂಡಿಲ್ಲ. ನಮ್ಮ ಮೊದಲ ಗಾಡಿಯ ಹಿಡಿ ಕಿತ್ತು ಬಂದಾಗ ನಾವು ಕಂಡದ್ದು ಈ ಮೂರನೆಯ ದೋಷವನ್ನು. ಹೊರಗಿನಿಂದ ಆ ಬೆಸುಗೆ ನಮಗೆ ಬಹಳ ಅಂದವಾಗಿ ಕಂಡಿತ್ತು!

ಹತ್ತು ಪಟ್ಟಿಗಳನ್ನು ಹೀಗೆ ಬೆಸೆದು ಮುರಿಯಿರಿ. ಮುರಿಯಲು ಕಷ್ಟವಾಗುವ, ಮುರಿದರೂ ಒಳಗೆ ಶುದ್ಧವಾಗಿರುವ ಬೆಸುಗೆ ಬಂದ ದಿನ ಗಾಡಿಯನ್ನು ಆರಂಭಿಸಿರಿ.

ಮಳೆ, ವಿದ್ಯುತ್ತು, ಬೆಂಕಿ

೧೦೦ ಆಂಪಿಯರನ್ನು ೨೫ ವೋಲ್ಟಿನಿಂದ ಗುಣಿಸಿದರೆ ೨,೫೦೦ ವ್ಯಾಟ್. ಯಂತ್ರದಲ್ಲಿ ವ್ಯಯವಾಗುವ ಶಕ್ತಿಯನ್ನೂ ಸೇರಿಸಿದರೆ, ಮನೆಯ ೨೩೦ ವೋಲ್ಟಿನ ತಂತಿಯಿಂದ ೧೪ ಆಂಪಿಯರಿಗೂ ಮೀರಿದ ಪ್ರವಾಹ ಹರಿಯುತ್ತದೆ. ದೀಪ ಪಂಖಗಳಿಗಾಗಿ ಇರುವ ೬ ಆಂಪಿಯರಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದರೆ ಗೋಡೆಯೊಳಗಿನ ತಂತಿ ಕಾದು ಬೆಂಕಿ ಹತ್ತಬಹುದು. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಬೇರೆಯ ದಪ್ಪ ತಂತಿಯನ್ನು ಎಳೆಸಿ, ಭೂಸಂಪರ್ಕವನ್ನು ಕೊಡಿಸಿಕೊಳ್ಳಬೇಕು.

ಚಾಪ ಉರಿಯದಿರುವಾಗ ಹೋಲ್ಡರಿನಲ್ಲಿ ೬೦ರಿಂದ ೮೦ ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಇದು ಅಷ್ಟಾಗಿ ತಿಳಿಯದು. ಬೆವರಿದ ಮೈ, ಒದ್ದೆ ನೆಲ, ಬರಿಗಾಲು ಸೇರಿದರೆ ಪ್ರಾಣಕ್ಕೇ ಮುಳುವಾದೀತು. ಜೂನಿನಿಂದ ಸೆಪ್ಟೆಂಬರಿನವರೆಗೆ ನೆಲವೇ ಒರತೆಯಾಗುವ ನಮ್ಮ ಘಟ್ಟದ ತಪ್ಪಲಿನಲ್ಲಿ ಇದನ್ನು ಮರೆಯಬಾರದು. ಮಳೆಯಲ್ಲಿ ಬೆಸೆಯಬಾರದು, ಒಣ ಹಲಗೆಯ ಮೇಲೆ, ಒಣ ಬೂಟು ಮತ್ತು ಚರ್ಮದ ಕೈಚೀಲಗಳೊಡನೆ ನಿಲ್ಲಬೇಕು. ಈಗಿನ ಇನ್ವರ್ಟರ್ ಸೆಟ್ಟುಗಳು ಕೆಲವೇ ಕಿಲೋಗ್ರಾಂ ತೂಗುತ್ತವೆ. ಅವಕ್ಕೆ ಗಾಡಿಯೇಕೆ ಎಂದು ನೀವು ಕೇಳಬಹುದು. ಯಂತ್ರವನ್ನೂ ಕೇಬಲ್ಲುಗಳನ್ನೂ ಒದ್ದೆ ನೆಲದಿಂದ ಮೇಲಿಡುವುದಕ್ಕಾಗಿಯೇ ನಮಗೆ ಗಾಡಿ ಬೇಕು. ರಾಡುಗಳಿಗೂ ಮುಚ್ಚಳ ಬಿಗಿಯಾದ ತಗಡಿನ ಡಬ್ಬವೊಂದನ್ನು ಗಾಡಿಯಲ್ಲಿಯೇ ಕೂಡಿಸಿರಿ. ಲೇಪವು ತೇವವನ್ನು ಹೀರಿಕೊಂಡರೆ ಆ ನೀರು ಚಾಪದಲ್ಲಿ ಒಡೆದು ಜಲಜನಕವಾಗಿ ಲೋಹವನ್ನು ಸೇರುತ್ತದೆ. ತೂತುಗಳಿಗೂ ಬಿರುಕುಗಳಿಗೂ ಅದು ಕಾರಣ.

ಚಾಪದ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಿಳಾತೀತ ಕಿರಣಗಳು ಹೇರಳವಾಗಿವೆ. ಬರಿಗಣ್ಣಿನಿಂದ ನೋಡಿದವನಿಗೆ ಆಗ ಏನೂ ತಿಳಿಯುವುದಿಲ್ಲ. ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ ಏಳುತ್ತದೆ. ೧೦ ಅಥವಾ ೧೧ನೆಯ ಸಂಖ್ಯೆಯ ಗಾಜುಳ್ಳ ಮುಖಕವಚವನ್ನೇ ಬಳಸಬೇಕು. ತಂಪುಕನ್ನಡಕ ಏನೇನೂ ಪ್ರಯೋಜನವಿಲ್ಲ. ನೋಡಲು ಬಂದ ಮಕ್ಕಳನ್ನು ದೂರ ಕಳುಹಿಸಬೇಕು. ಹತ್ತಿಯ ಬಟ್ಟೆಯನ್ನೇ ತೊಡಬೇಕು. ನೈಲಾನ್ ಕರಗಿ ಮೈಗೆ ಅಂಟುತ್ತದೆ. ಸತುವಿನ ಲೇಪವಿರುವ ಕೊಳವೆ ತಗಡುಗಳನ್ನು ಬೆಸೆದರೆ ಏಳುವ ಬಿಳಿಯ ಹೊಗೆ ಜ್ವರವನ್ನು ತರುತ್ತದೆ. ಒಣಗಿದ ಸೋಗೆ, ತೆಂಗಿನ ನಾರು, ಅಡಿಕೆಯ ಸಿಪ್ಪೆಗಳ ರಾಶಿ ಹತ್ತಿರವಿರಕೂಡದು. ಎಲ್ಲಕ್ಕಿಂತ ಮಿಗಿಲಾಗಿ, ಗಾಡಿಯ ತಟ್ಟೆಗೆ ಚೆನ್ನಾಗಿ ಒದಗುತ್ತದೆಂದು ಪೆಟ್ರೋಲು, ಡೀಸೆಲ್, ಸೀಮೆಎಣ್ಣೆಗಳ ಹಳೆಯ ಪೀಪಾಯಿಯನ್ನು ಕತ್ತರಿಸಲೂ ಬೆಸೆಯಲೂ ಹೋಗಬೇಡಿ. ಬರಿದಾಗಿ ಕಾಣುವ ಪೀಪಾಯಿಯಲ್ಲಿ ಉಳಿದ ಆವಿ ಗಾಳಿಯೊಡನೆ ಬೆರೆತು ಒಂದೇ ಕಿಡಿಗೆ ಸಿಡಿಯುತ್ತದೆ. ತಟ್ಟೆಗೆ ಹೊಸ ತಗಡಿನ ಬೆಲೆ ಬಹಳವೇನೂ ಅಲ್ಲ.

ಕೊನೆಯ ಮಾತು

ಬೆಸುಗೆಗಳ ಕಿಟ್ಟವನ್ನು ಕುಟ್ಟಿ ತೆಗೆದು, ಚಕ್ರಗಳನ್ನು ಜೋಡಿಸಿ, ರೆಡ್ ಆಕ್ಸೈಡ್ ಬಳಿದು, ಮೇಲೊಂದು ಬಣ್ಣವನ್ನು ಕೊಟ್ಟರೆ ಗಾಡಿ ಸಿದ್ಧವಾಯಿತು. ಅದನ್ನು ಉಪಯೋಗಿಸುವ ಮುನ್ನ, ಸೆಟ್ಟಿನ ತೂಕದಷ್ಟೇ ಕಲ್ಲುಗಳನ್ನು ಕೆಳಗಿನ ತಟ್ಟೆಯಲ್ಲಿಟ್ಟು ಅಂಗಳದಲ್ಲೆಲ್ಲ ಎಳೆದಾಡಿ ನೋಡಿ. ಎಲ್ಲಿ ಬಿರಿಯುವುದೋ ಅಲ್ಲಿ ಅರದಿಂದ ಉಜ್ಜಿ ತೆಗೆದು ಮತ್ತೆ ಬೆಸೆಯಿರಿ. ಮೊದಲನೆಯ ಗಾಡಿಯಲ್ಲಿ ಇದು ನಾಚಿಕೆಯ ವಿಷಯವಲ್ಲ.

ನಮ್ಮ ಗಾಡಿಯ ಹಿಡಿಯಲ್ಲಿ ಮೂರು ಬೆಸುಗೆಗಳ ಗುರುತುಗಳು ಇಂದಿಗೂ ಒಂದರ ಮೇಲೊಂದು ಕಾಣುತ್ತವೆ. ಮೊದಲನೆಯದು ಅಂದವಾಗಿತ್ತು, ಮುರಿಯಿತು, ಎರಡನೆಯದು ಬಿರಿಯಿತು, ಮೂರನೆಯದು ನಿಂತಿದೆ. ಗಾಡಿಯ ಮೇಲೆ ನಾವು ಮಾಡಿದ ತಪ್ಪುಗಳನ್ನು ಗಾಡಿ ಸಹಿಸಿತು. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಇಂಜಿನಿಯರಾಗಿ, ಮಳೆಗಾಲದ ತೋಡಿನ ಆಚೆ ನಿಂತ ಮಕ್ಕಳಿಗಾಗಿ ಉಕ್ಕಿನ ಸಂಕವನ್ನು ಕಟ್ಟುವಿರಿ. ಆ ಸಂಕ ತಪ್ಪನ್ನು ಸಹಿಸುವುದಿಲ್ಲ. ಆದುದರಿಂದ ಮಾಡಬೇಕಾದ ತಪ್ಪುಗಳನ್ನೆಲ್ಲ ಈ ಗಾಡಿಯ ಮೇಲೆಯೇ ಮಾಡಿ ಮುಗಿಸಿಕೊಳ್ಳಿರಿ.